ಸ್ವಲ್ಪ ಆಫ್ ಮಾಡಿ ತೋರಿಸಿ

ನಮ್ಮ ಮನೆಯ ಟಿವಿಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದವರು ಅದು ಆಫ್ ಆಗಿದ್ದಾಗ ನೋಡುತ್ತಿದ್ದರು. ಇದು ನನಗೆ ಗೊತ್ತಾದದ್ದು ಟಿವಿ ಕೆಟ್ಟುಹೋದ ಮೇಲೆ. ನನ್ನಂಥವಳಿಗೆ ಇದು ಸಣ್ಣ ಅವಮಾನವಲ್ಲ. ನಾನು ಎಲ್ಲವನ್ನೂ ಬರೆದಿಡುವವಳು. ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ನನ್ನ ಕೆಲಸವೇ ಅದು: ಯಾವ ಸಾಲಿನ ಫಲಕಗಳನ್ನು ಯಾವ ದಿನ ತೊಳೆದರು, ಎಷ್ಟನೆಯ ದಿನಕ್ಕೆ ಮತ್ತೆ ಧೂಳು ಕೂತಿತು ಎಂದು ಗೆರೆ ಎಳೆದು ದಾಖಲಿಸುವುದು. ವಾರವೆಲ್ಲ ಪಾವಗಡದ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ದೊಡ್ಡೇರಿಯ ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಸಿಲಿಂಡರ್ ಎಷ್ಟು ದಿನ ಬಂತು, ಅಪ್ಪ ಕನ್ನಡಕವನ್ನು ಎಷ್ಟು ಸಲ ಹುಡುಕಿದ, ಎಲ್ಲಕ್ಕೂ ನನ್ನ ಡೈರಿಯಲ್ಲಿ ಒಂದೊಂದು ಸಾಲು ಇದೆ. ಅಮ್ಮ ಸಾರಿಗೆ ಎಷ್ಟು ಸಲ ಉಪ್ಪು ಮರೆತಳು ಎಂಬ ಸಾಲೂ ಇತ್ತು. ಮನೆಯ ನೆಮ್ಮದಿಗಾಗಿ ಅದನ್ನು ನಿಲ್ಲಿಸಿದ್ದೇನೆ.

ಟಿವಿಗೂ ಲೆಕ್ಕವಿತ್ತು. ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ಕೂತು ಬರೆದದ್ದು: ಅಮ್ಮ ಹದಿಮೂರು ಗಂಟೆ, ಅಪ್ಪ ಒಂಬತ್ತು, ನಾನು ಎರಡೂವರೆ, ಅಜ್ಜಿ ಸೊನ್ನೆ.

ಮೇ ಹದಿನಾಲ್ಕರಂದು ಆ ಹಳೆಯ ಡಬ್ಬಾ ಟಿವಿ ಕೊನೆಯುಸಿರೆಳೆಯಿತು. ಚಿತ್ರವೆಲ್ಲ ಕುಗ್ಗಿ ಒಂದು ಬಿಳಿ ಗೆರೆಯಾಯಿತಂತೆ, ಗೆರೆ ಚುಕ್ಕೆಯಾಯಿತಂತೆ, ಚುಕ್ಕೆಯೂ ಹೋಯಿತಂತೆ. ಮೆಕ್ಯಾನಿಕ್ ಬಂದು ನೋಡಿ, ಇದರ ಟ್ಯೂಬು ಇನ್ನು ಎಲ್ಲೂ ಸಿಗುವುದಿಲ್ಲ ಎಂದು ಹೇಳಿ, ಬಿಡಿಭಾಗಕ್ಕಾದರೂ ಆಗಲಿ ಎಂದು ಡಬ್ಬವನ್ನೇ ಹೊತ್ತುಕೊಂಡು ಹೋದ. ಅಮ್ಮ ಆ ಜಾಗವನ್ನು ಗುಡಿಸಿ, ಸಾರಿಸಿ, ಸಂತೋಷಪಟ್ಟಳು. ಆ ಶನಿವಾರ ನಾನು ಊರಿಗೆ ಬಂದಾಗ ಅಜ್ಜಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

“ಯಾಕಜ್ಜಿ, ಏನಾಯ್ತು?”

“ನನ್ ಟಿವಿ ತಗಂಡೋಗ್ಬುಟ್ರಲ್ಲಮ್ಮ.”

“ನೀನು ನೋಡೋದೇ ಇಲ್ವಲ್ಲ. ನನ್ನ ಹತ್ರ ಲೆಕ್ಕ ಅದೆ.”

“ನಿನ್ ಲೆಕ್ಕುಕ್ಕೆ ಬೆಂಕಿ ಇಕ್ಕ. ಬೆಳಿಗ್ಗೆಯಿಂದ ದೀಪ ಹಚ್ಚೋಗಂಟ ನೋಡ್ತಿದ್ನಲ್ಲ!”

“ಆಫ್ ಆಗಿರ್ತಿತ್ತು ಕಣಜ್ಜಿ.”

“ಆಫ್ ಆಗಿದ್ರೇ ಕಣಮ್ಮ ಚೆಂದಾಗಿ ಕಾಣೋದು. ನಿಮ್ಮವ್ವ ಆನ್ ಮಾಡುದ್ಲು ಅಂದ್ರೆ ಎಲ್ಲಾ ಕೆಟ್ಟೋಗ್ತಿತ್ತು.”

ನಮ್ಮ ಮನೆಯ ನಡುಮನೆಯನ್ನು ಸ್ವಲ್ಪ ವಿವರಿಸಬೇಕು. ಬಾಗಿಲು ದಕ್ಷಿಣಕ್ಕಿದೆ, ಟಿವಿ ಇದ್ದದ್ದು ಅದರೆದುರಿನ ಉತ್ತರದ ಗೋಡೆಗೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ದಿನದಿಂದ ಅಜ್ಜಿಯ ಮಂಚ ಪಶ್ಚಿಮದ ಗೋಡೆಯ ಪಕ್ಕಕ್ಕೆ ಬಂದಿದೆ. ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ. ಅಂದರೆ ದಿಂಬಿಗೆ ಒರಗಿ ಕೂತರೆ ಬೀದಿ ಬೆನ್ನ ಹಿಂದೆ, ಕಣ್ಣ ಮುಂದೆ ಟಿವಿ. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆ ಒಂದೋ ಮನೆಯವರು ಊರಲ್ಲಿಲ್ಲ, ಇಲ್ಲ ಒಳಗೆ ಜಗಳ ನಡೆಯುತ್ತಿದೆ ಎಂದು ಅರ್ಥ. ತೆರೆದ ಬಾಗಿಲಾಚೆ ಬಿಸಿಲು, ಒಳಗೆ ಮಬ್ಬು, ಎದುರಿಗೆ ಉಬ್ಬಿದ ಕಪ್ಪು ಗಾಜು. ಅದರೊಳಗೆ ಹಿಟ್ಟಿನ ಗಿರಣಿಯಿಂದ ಬಸ್ ಸ್ಟಾಪಿನವರೆಗೆ ಇಡೀ ಬೀದಿ, ಎಡಬಲ ಅದಲುಬದಲಾಗಿ, ದಿನವಿಡೀ ಓಡಾಡುತ್ತಿತ್ತು. ಯಾರ ಸೊಸೆ ತವರಿಂದ ಬಂದಳು, ಯಾರು ಯಾರ ಜೊತೆ ಮಾತು ಬಿಟ್ಟರು ಎಂದು ಮಂಚದ ಮೇಲಿನ ಅಜ್ಜಿಗೆ ಹೇಗೆ ಗೊತ್ತಾಗುತ್ತದೆ ಎಂದು ನಾವು ಬೆರಗಾಗುತ್ತಿದ್ದೆವು. ಪಕ್ಕದ ಮನೆಯವರು ಬಂದು ಹೇಳುತ್ತಾರೆ ಎಂದುಕೊಂಡಿದ್ದೆವು. ಪಕ್ಕದ ಮನೆಯವರೇ ಅಜ್ಜಿಯ ಹತ್ತಿರ ಕೇಳಿ ತಿಳಿದುಕೊಳ್ಳುತ್ತಿದ್ದರು.

ಈಗ ಅವಳೆದುರು ಬೋಳು ಗೋಡೆ.

ಬುದ್ಧಿವಂತರಿಗೆ ಹೊಳೆಯುವುದೆಲ್ಲ ನನಗೂ ಹೊಳೆಯಿತು. ಮಂಚ ತಿರುಗಿಸೋಣ ಎಂದೆ. ತಿರುಗಿಸಿದರೆ ತಲೆ ಉತ್ತರಕ್ಕಾಗುತ್ತದೆ. ಅಜ್ಜಿ, “ನನ್ನ ಈಗ್ಲೇ ಕಳಿಸ್ಬೇಕು ಅಂತ ಇದೀರೇನು?” ಎಂದಳು. ಅಡ್ಡ ಹಾಕೋಣವೆಂದರೆ ನಡುಮನೆಯಲ್ಲಿ ಓಡಾಡಲು ದಾರಿಯೇ ಉಳಿಯುವುದಿಲ್ಲ. ಗೋಡೆಗೊಂದು ದೊಡ್ಡ ಕನ್ನಡಿ ಹೊಡೆಯೋಣ ಎಂದಾಗ ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು.

“ಕನ್ನಡಿ ಇಕ್ಕಂಡು ಕೂತ್ರೆ ‘ಮುದುಕಿ ಬೀದಿ ಕಾಯ್ತಾ ಕೂತವ್ಳೆ’ ಅಂತಾರೆ. ಟಿವಿ ಮುಂದೆ ಕೂತ್ರೆ ಯಾರ್ ಏನಂತಾರೆ?”

ಅಲ್ಲಿಗೆ ಮಾತು ಮುಗಿಯಿತು. ಮಾನ ಹೋಗದ ಹಾಗೆ ಬೀದಿ ಕಾಣಬೇಕು. ಹೊಸ ಟಿವಿ ಬರಬೇಕು, ಅದು ಆಫ್ ಆದಾಗ ಚೆನ್ನಾಗಿ ಕಾಣಬೇಕು.

ಟಿವಿ ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಬೀಳದಿದ್ದರೂ ನಾನೇ ಹೊರುತ್ತಿದ್ದೆ. ಒಂದು ವಾರ ಪಾವಗಡದ ಕೋಣೆಯಲ್ಲಿ ಕೂತು ಫೋನಿನಲ್ಲಿ ವಿಮರ್ಶೆಗಳನ್ನು ಓದಿದೆ, ಹದಿನೇಳು ಟಿವಿಗಳ ಕೋಷ್ಟಕ ಮಾಡಿದೆ. ಹನ್ನೊಂದು ಅಂಕಣಗಳು. ಓದುತ್ತ ಓದುತ್ತ ತಿಳಿದ ಸಂಗತಿ ಏನೆಂದರೆ, ಟಿವಿಯ ವಿಜ್ಞಾನವೆಲ್ಲ ಬಣ್ಣದ ವಿಜ್ಞಾನವಲ್ಲ, ಕಪ್ಪಿನ ವಿಜ್ಞಾನ. ಸಾಮಾನ್ಯ ಎಲ್‌ಇಡಿಯಲ್ಲಿ ಹಿಂದೆ ದೀಪ ಯಾವಾಗಲೂ ಉರಿಯುತ್ತಿರುತ್ತದೆ, ಮುಂದೆ ಪರದೆ ಎಳೆದು ಕತ್ತಲೆ ಮಾಡುತ್ತಾರೆ. ಬೇಸಿಗೆ ಮಧ್ಯಾಹ್ನ ಕಿಟಕಿಗೆ ಸೀರೆ ಕಟ್ಟಿದ ಹಾಗೆ, ಎಲ್ಲೋ ಒಂದು ಕಡೆ ಬೆಳಕು ಸೋರಿಯೇ ಸೋರುತ್ತದೆ. ಕ್ಯೂಎಲ್‌ಇಡಿ ಎಂದರೆ ಅದೇ ಕಿಟಕಿಗೆ ರೇಷ್ಮೆ ಸೀರೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪವನ್ನು ಸಾವಿರ ಚೂರು ಮಾಡಿ ಬೀದಿ ಬೀದಿಗೆ ಒಂದು ಸ್ವಿಚ್ಚು ಕೊಟ್ಟಿದ್ದಾರೆ. ಓಎಲ್‌ಇಡಿಯಲ್ಲಿ ಮಾತ್ರ ಪ್ರತಿ ಮನೆಗೂ ಅದರದೇ ಸ್ವಿಚ್ಚು. ಕತ್ತಲೆ ಬೇಕಾದ ಮನೆಯಲ್ಲಿ ನಿಜವಾದ ಕತ್ತಲೆ. ಇಷ್ಟು ತಿಳಿದು ನನಗೆ ಹೆಮ್ಮೆಯಾಯಿತು. ಆದರೆ ಪ್ರತಿಯೊಬ್ಬ ವಿಮರ್ಶಕನೂ ಒಂದೇ ಮಾತನ್ನು ಒದರುತ್ತಿದ್ದ: ಪರದೆಯಲ್ಲಿ ಪ್ರತಿಬಿಂಬ ಬೀಳಬಾರದು. ನನ್ನ ಕೆಲಸದಲ್ಲೂ ಅದೇ ಪಾಠ. ಸೋಲಾರ್ ಫಲಕದ ಗಾಜು ಹೊಳೆದರೆ ಆ ಬೆಳಕು ದಂಡ. ಒಳ್ಳೆಯ ಗಾಜು ಬೆಳಕನ್ನು ನುಂಗಿ ತೆಪ್ಪಗಿರಬೇಕು. ಅಭ್ಯಾಸಬಲದಿಂದ ನಾನೂ ಪ್ರತಿಬಿಂಬ ಬೀಳದ ಟಿವಿಗೆ ಪೂರ್ತಿ ಅಂಕ ಕೊಟ್ಟು, ಕೋಷ್ಟಕ ಮುಗಿಸಿ, ಅಡಿಗೆರೆ ಎಳೆದ ಮೇಲೆ ನೆನಪಾಯಿತು, ಇದು ಅಜ್ಜಿಗೆ ಎಂದು. ಇಡೀ ಅಂಕಣವನ್ನು ತಲೆಕೆಳಗು ಮಾಡಿ ಮತ್ತೆ ಕೂಡಿಸಬೇಕಾಯಿತು.

ಜೂನ್ ಒಂದರಂದು ಅಪ್ಪನನ್ನು ಕರೆದುಕೊಂಡು ಮಧುಗಿರಿಗೆ ಹೋದೆ. ಟಿವಿ ಅಂಗಡಿಯ ಒಳಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಗಿಳಿ, ಒಂದೇ ಮೀನು, ಒಂದೇ ಜೇನು ಸುರಿಯುತ್ತಿತ್ತು. ಟಿವಿ ಕೊಳ್ಳುವವರಿಗೆ ಜೇನು ಸುರಿಯುವುದನ್ನು ನೋಡುವ ಚಪಲ ಇರುತ್ತದೆಂದು ಯಾರು ಹೇಳಿದರೋ. ಸೇಲ್ಸ್‌ಮನ್ ಚುರುಕಾದ ಯುವಕ.

“ಸ್ವಲ್ಪ ಆಫ್ ಮಾಡಿ ತೋರಿಸಿ,” ಎಂದೆ.

“ಆಫ್ ಮಾಡಿದ್ರೆ ಏನು ನೋಡ್ತೀರಾ ಮೇಡಂ?”

“ಆಫ್ ಆದಾಗ ಹೆಂಗೆ ಕಾಣ್ತದೆ ಅಂತ.”

ಅವನು ಅಪ್ಪನ ಮುಖ ನೋಡಿದ. ಅಪ್ಪ ಛಾವಣಿಯ ಫ್ಯಾನು ನೋಡಿದ. ಒಂದೊಂದಾಗಿ ಆಫ್ ಮಾಡಿಸುತ್ತ ಹೋದೆ. ನನ್ನ ಮೊದಲ ಕೋಷ್ಟಕದಲ್ಲಿ ಅಗ್ರಸ್ಥಾನದಲ್ಲಿದ್ದ ಟಿವಿಯೊಳಗೆ ಬೂದಿ ಬಳಿದಂಥ ಮಬ್ಬು. ನಾನೇ ನನಗೆ ಕಾಣಲಿಲ್ಲ. ಕ್ಯೂಎಲ್‌ಇಡಿಯಲ್ಲಿ ಬಾಗಿಲಾಚೆಯ ರಸ್ತೆ ನೆನೆದ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿತ್ತು. ಓಎಲ್‌ಇಡಿ ಆಫ್ ಮಾಡಿಸಿದಾಗ ಮಾತ್ರ ಬಾವಿಯ ನೀರಿನಂಥ ಕಪ್ಪಿನೊಳಗೆ ಮಧುಗಿರಿ ಬೆಟ್ಟ ಬುಡದಿಂದ ಕೋಟೆಯವರೆಗೆ ಎದ್ದು ನಿಂತಿತು. ಅಪ್ಪ ಬೆಲೆ ಕೇಳಿದ. ಉತ್ತರ ಬಂದ ಮೇಲೆ ಮತ್ತೆ ಫ್ಯಾನು ನೋಡಿದ.

ಸೇಲ್ಸ್‌ಮನ್ನಿಗೆ ವಿಷಯ ವಿವರಿಸಿದೆ. ಅವನು ಅರ್ಥ ಮಾಡಿಕೊಂಡು, ಬಹಳ ಉತ್ಸಾಹದಿಂದ, ಆಫ್ ಮಾಡಿದರೂ ಸ್ವಿಟ್ಜರ್ಲೆಂಡಿನ ಸರೋವರದ ಚಿತ್ರ ತೋರಿಸುತ್ತಲೇ ಇರುವ ಟಿವಿಯೊಂದನ್ನು ತಂದು ನಿಲ್ಲಿಸಿದ. ಬೇಡವೆಂದಾಗ ಸಿಸಿಟಿವಿ ಹಾಕಿಸಿ ಎಂದ. ಮನೆಗೆ ಬಂದು ಅದನ್ನೂ ಕೇಳಿ ನೋಡಿದೆ. ಅಜ್ಜಿ, “ಇದೇನ್ ಪೊಲೀಸ್ ಟೇಸನ್ನಾ?” ಎಂದು ಗೋಡೆಯ ಕಡೆ ಮುಖ ಮಾಡಿದಳು. ಎದುರಿಗೂ ಗೋಡೆ, ಪಕ್ಕಕ್ಕೂ ಗೋಡೆ. ಆ ಭಾನುವಾರ ಅವಳು ಬೀದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಂಜೆ ಪಕ್ಕದ ಮನೆಯವರು ಬಂದು ಏನೋ ಕೇಳಿದಾಗ, “ನಂಗೇನ್ ಗೊತ್ತಮ್ಮ, ಬಿದ್ದಿದೀನಿ,” ಎಂದಳು. ಅವಳು ಬಚ್ಚಲಲ್ಲಿ ಬಿದ್ದ ದಿನವೂ ನಾನು ಅಷ್ಟು ಹೆದರಿರಲಿಲ್ಲ.

ಮರುವಾರ, ಕೋಪವೂ ಕೋಷ್ಟಕವೂ ಎರಡೂ ಮುಗಿದ ಸ್ಥಿತಿಯಲ್ಲಿ, ಅಪ್ಪನ ಜೊತೆ ಸಿರಾಕ್ಕೆ ಹೋದೆ. ಹಳೆಯ ಡಬ್ಬಾ ಟಿವಿಯನ್ನು ಅಪ್ಪ ತಂದದ್ದು ಅಲ್ಲಿನ ಇನಾಯತ್ ಭಾಯ್ ಅಂಗಡಿಯಿಂದ. ಅವರು ರಸ್ತೆಗೆ ಬೆನ್ನು ಹಾಕಿ ಕೂತು ಏನನ್ನೋ ಬೆಸೆಯುತ್ತಿದ್ದರು. ನಾನು ಒಳಗೆ ಕಾಲಿಡುವ ಮೊದಲೇ, ತಿರುಗಿ ನೋಡದೆ, “ಬಾಮ್ಮಾ, ದೊಡ್ಡೇರಿ ಅಲ್ವಾ? ಅಪ್ಪ ಯಾಕೆ ಹೊರಗೇ ನಿಂತವ್ರೆ?” ಎಂದರು. ಅವರೆದುರಿಗೆ ಒಂದು ಸತ್ತ ಟಿವಿ ಇತ್ತು. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಕಥೆ ಕೇಳಿ ಅವರು ನಗಲಿಲ್ಲ. “ಅರೆ ಬೇಟಿ, ಮೂವತ್ತು ವರ್ಸದಿಂದ ನಾನು ಇಂಗೇ ಕೂತಿರೋದು. ಗಿರಾಕಿ ಯಾರು, ಬರೀ ಚಾಯ್ ಕುಡ್ಯೋಕೆ ಬಂದೋರು ಯಾರು, ಎಲ್ಲಾ ಇದ್ರಲ್ಲೇ ಗೊತ್ತಾಗೋದು,” ಎಂದರು. ನಾನು ಕೋಷ್ಟಕ ತೆಗೆದೆ. “ಅದೆಲ್ಲ ಛೋಡೋ. ಒಳಗಡೆ ಏನಾದ್ರೂ ಇರ್ಲಿ. ಮುಂದೆ ಗಾಜು ಹೊಳೀಬೇಕು, ಹಿಂದೆ ಗೋಡೆಗೆ ಹಾಕೋಕೆ ಆ ಕಡೆ ಈ ಕಡೆ ತಿರುಗೋ ಕೈ ಇರ್ಬೇಕು, ಅಷ್ಟೇ.” ಒಳಗಿಂದ ಒಂದು ಸಾದಾ ಎಲ್‌ಇಡಿ ತಂದರು, ಬಹಳ ಹೊಳೆಯುತ್ತದೆಂದು ಯಾರೂ ಒಯ್ಯದೆ ಉಳಿದಿದ್ದು. ನನ್ನ ಮೊದಲ ಕೋಷ್ಟಕದಲ್ಲಿ ಅದಕ್ಕೆ ಹದಿನೇಳನೆಯ ಸ್ಥಾನ.

ಜೂನ್ ಹದಿನೈದರಂದು ಇನಾಯತ್ ಭಾಯ್ ತಾವೇ ಗೂಡ್ಸ್ ಆಟೊದಲ್ಲಿ ಬಂದು ಅದನ್ನು ಗೋಡೆಗೆ ಹಾಕಿದರು. ಡಬ್ಬಾ ಟಿವಿಯ ಉಬ್ಬು ಗಾಜಿನಲ್ಲಿ ಇಡೀ ಬೀದಿ ಹಿಡಿಯುತ್ತಿತ್ತು. ಚಪ್ಪಟೆ ಗಾಜಿನಲ್ಲಿ ಒಂದು ತುಂಡು ಮಾತ್ರ. ಯಾವ ತುಂಡು ಎಂಬುದು ಅಜ್ಜಿಯ ತೀರ್ಮಾನ.

“ಇನ್ನೂ ಒಸಿ ನನ್ ಕಡೀಕೆ ತಿರುಗ್ಸಪ್ಪ. ಹಾಂ, ಈಗ ಗಿರಣಿ ಕಾಣ್ತದೆ, ಬಸ್ ಸ್ಟಾಪ್ ಹೋಯ್ತು. ಒಸಿ ಬಗ್ಗುಸು. ಅಯ್ಯೋ, ಬರೀ ನೆಲ ಕಣಪ್ಪ!”

“ಅಜ್ಜಿ, ಗಿರಣಿ ಬೇಕಾ, ಬಸ್ ಸ್ಟಾಪ್ ಬೇಕಾ?”

“ಎರಡೂ ಬೇಕು.”

ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಅರ್ಧ ಗಿರಣಿ, ಪೂರ್ತಿ ಬಸ್ ಸ್ಟಾಪಿಗೆ ರಾಜಿಯಾಯಿತು. ಬೋಲ್ಟು ಬಿಗಿಯುವಷ್ಟರಲ್ಲಿ ಅಜ್ಜಿ ಮುಂದಕ್ಕೆ ಬಾಗಿ, “ಅಲ್ನೋಡು, ಕಳ್ಳಂಬೆಳ್ಳದ ಬೀಗ್ರು ಇಳೀತಾವ್ರೆ. ಗಿರಣಿಯೋರ ಮನೇಲಿ ಹೆಣ್ ನೋಡಾಕ್ಕೆ ಬಂದವ್ರೆ ಕಣ್ಲಾ!” ಎಂದು ಕೂಗಿದಳು. ಅಮ್ಮ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲಿ ಇಣುಕಿದಳು. ನಿಜವಾಗಿತ್ತು. ಅಜ್ಜಿ ಅವತ್ತು ಎರಡು ಮುದ್ದೆ ಉಂಡಳು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನೂ ನೆಮ್ಮದಿಯಾಗಿರುತ್ತಿದ್ದೆ. ಆದರೆ ಟಿವಿಯನ್ನು ಆನ್ ಕೂಡ ಮಾಡುತ್ತಾರಲ್ಲ. ಅದು ಮಂಚದ ಕಡೆಗೆ ಮುಖ ತಿರುಗಿಸಿಕೊಂಡಿರುವುದರಿಂದ ಪೂರ್ವದ ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತವರಿಗೆ ಎಲ್ಲ ಮುಖಗಳೂ ಸುಣ್ಣ ಬಳಿದ ಹಾಗೆ ಕಾಣುತ್ತವೆ. ಸಾದಾ ಎಲ್‌ಇಡಿಯ ಗುಣವೇ ಅದು. ನನ್ನ ಕೋಷ್ಟಕದ ಹನ್ನೊಂದರಲ್ಲಿ ಆರನೆಯ ಅಂಕಣ. ಅಮ್ಮನ ಮಧ್ಯಾಹ್ನದ ಧಾರಾವಾಹಿಯಲ್ಲಿ ಅತ್ತೆ ಕಣ್ಣೀರಿಡುವಾಗ ಅವಳ ಕೆನ್ನೆಯ ಮೇಲೆ ಎಮ್ಮೆಯೊಂದು ನಿಧಾನವಾಗಿ ಹಾದುಹೋಗುತ್ತದೆ. ಟಿವಿಯನ್ನು ಒಂದಿಷ್ಟು ತಿರುಗಿಸೋಣ ಎಂದು ಅಪ್ಪ ಒಮ್ಮೆ ಕೈ ಹಾಕಿದ. “ಮುಟ್ಟಿದ್ರೆ ನೋಡು,” ಎಂಬ ದನಿ ಬಂತು. ಕೈ ಹಿಂದಕ್ಕೆ ಬಂತು.

ಕಳೆದ ಭಾನುವಾರ ಸಂಜೆ ನಾನು ನೀರು ಹಿಡಿದು ಒಳಗೆ ಬಂದಾಗ ಅಪ್ಪ ಕ್ರಿಕೆಟ್ ನೋಡುತ್ತ ಅಜ್ಜಿಯ ಮಂಚದ ತುದಿಯಲ್ಲಿ ಕೂತಿದ್ದ. ಬಣ್ಣ ಸರಿಯಾಗಿ ಕಾಣುವುದು ಅಲ್ಲಿಂದ ಮಾತ್ರ. ಅವನ ಪಕ್ಕದಲ್ಲಿ, ಅಜ್ಜಿಯ ಕಾಲನ್ನು ಒಂದಿಷ್ಟು ಒತ್ತರಿಸಿ, ಹುರುಳಿಕಾಯಿ ಬಿಡಿಸುತ್ತ ಅಮ್ಮ. ಆರು ತಿಂಗಳಿಂದ ಆ ಮಂಚದ ಮೇಲೆ ಮಾತ್ರೆ ಕೊಡುವಾಗ, ಬೆನ್ನೊರೆಸುವಾಗ ಬಿಟ್ಟರೆ ಯಾರೂ ಕೂತವರಲ್ಲ. ಕುರ್ಚಿಯಿಂದಲೇ ಗಟ್ಟಿಯಾಗಿ ಮಾತಾಡಿಸುತ್ತಿದ್ದೆವು. ಈಗ ಅಜ್ಜಿ ಮೊಣಕಾಲಿನಿಂದ ಮಗನ ಬೆನ್ನನ್ನು ತಿವಿಯುತ್ತಿದ್ದಳು.

“ಸರ್ಕೊಳ್ಲಾ ಅತ್ಲಾಗೆ. ಕಡೇ ಬಸ್ಸು ಬರೋ ಹೊತ್ತು, ಏನೂ ಕಾಣ್ತಿಲ್ಲ.”

“ಇರವ್ವ, ಇನ್ನ ಎರಡ್ ಓವರ್ ಅದೆ.”

“ನಿನ್ ಓವರ್‌ಗಿಷ್ಟು!” ಎಂದು ಅಜ್ಜಿ ನನ್ನ ಕಡೆ ತಿರುಗಿದಳು. “ಲೇ, ಇವ್ರಿಗೆ ಬೇರೆ ಒಂದ್ ಮಂಚ ತಂದಾಕ್ಬುಡಮ್ಮ. ಪ್ಯಾಟೆಲಿ ನೀನೇ ನೋಡಿ, ಬರ್ಕಂಡು, ಚೆನ್ನಾಗಿರೋದ್ ತಗಂಬಾ.”

ತರುವುದಿಲ್ಲ ಎಂದು ನಿಂತ ಜಾಗದಲ್ಲೇ ತೀರ್ಮಾನಿಸಿದೆ. ನನಗೆ ನೆನಪಿರುವ ಮಟ್ಟಿಗೆ, ಯಾವುದನ್ನೂ ಯಾವುದರ ಜೊತೆಗೂ ಹೋಲಿಸದೆ ನಾನು ತೆಗೆದುಕೊಂಡ ಮೊದಲ ತೀರ್ಮಾನ ಇದು.