ತಲೆಯಾಡಿಸಿ ಗೆದ್ದ ಮೂರು ದಂಡೆ ಕಪ್

ಬರೆದುಕೋ ಮಗು, ನಿಧಾನವಾಗಿ ಹೇಳುತ್ತೇನೆ. ನಿನ್ನ ತಾತ ಕಾಂಚೊ ಜೀವನದಲ್ಲಿ ಒಮ್ಮೆಯೂ ಚೆಂಡು ಒದ್ದವನಲ್ಲ. ನಮ್ಮೂರ ಫುಟ್‌ಬಾಲ್ ಕ್ಲಬ್ಬಿಗೆ ಬೂಟು ಹೊಲಿಯುತ್ತಿದ್ದ, ಅಷ್ಟೇ. ಆದರೂ ಮೂರು ದಂಡೆ ಕಪ್ ಮೂವತ್ತು ವರ್ಷ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ.

ಡ್ಯಾನ್ಯೂಬ್ ನದಿಗೆ ಇರುವುದು ಎರಡೇ ದಂಡೆ. ಈಚೆ ಬಲ್ಗೇರಿಯದ ನಾವು, ಆಚೆ ರೊಮೇನಿಯದವರು. ಪಕ್ಕದ ಸರ್ಬಿಯದ ಸರ್ಬರೂ ಆಡಲು ಬರುತ್ತಿದ್ದರು, ಅವರು ಮುನಿಸಿಕೊಳ್ಳಬಾರದೆಂದು ಕಪ್ಪಿನ ಹೆಸರಲ್ಲಿ ಮೂರು ಎಂದರು. ಪ್ರತಿ ಬೇಸಿಗೆ ಮೂರೂ ಕಡೆಯ ಸಣ್ಣ ಕ್ಲಬ್ಬುಗಳು ದೋಣಿ ಹತ್ತಿ ಬಂದು ಆಡುತ್ತಿದ್ದವು. ಸರ್ಬರ ಅಡುಗೆಯವನೊಬ್ಬ ನನಗೆ ಬೀನ್ಸ್ ಸಾರು ಕಲಿಸಿದ್ದ, ನಿನ್ನ ತಾತನಿಗೆ ಅದೂ ಹೊಟ್ಟೆಕಿಚ್ಚು. ಇರಲಿ. ಗೆದ್ದವರು ಕಪ್ಪನ್ನು ಒಂದು ವರ್ಷ ಇಟ್ಟುಕೊಂಡು ಮರಳಿಸಬೇಕಿತ್ತು. ನಾವು ಗೆದ್ದ ಮರುವರ್ಷ ಪಂದ್ಯಾವಳಿಯೇ ನಿಂತುಹೋಯಿತು. ಯಾರಿಗೆ ಮರಳಿಸುವುದು? ಕ್ಲಬ್ಬಿನ ಸೂರು ಸೋರುತ್ತಿತ್ತು, ಕಾಂಚೊ ಕಪ್ಪನ್ನು ಮನೆಗೆ ತಂದ. ವಾರಕ್ಕೊಮ್ಮೆ ಅದನ್ನು ಫಳಫಳ ಉಜ್ಜುತ್ತಿದ್ದ. ನನ್ನ ಬೆನ್ನುಜ್ಜು ಎಂದರೆ ಮಾತ್ರ ಅವನಿಗೆ ಕೈನೋವು. ಅವನಿಲ್ಲದಾಗ ನಾನು ಅದರಲ್ಲಿ ಕೆಂಪು ಮೆಣಸಿನಕಾಯಿ ಅಳೆಯುತ್ತಿದ್ದೆ.

ಮೂವತ್ತು ವರ್ಷದ ಮೇಲೆ ಒಂದು ದಿನ ಆಚೆ ದಂಡೆಯ ಮಿರ್ಚಾ ಬಂದ. ಆ ಕೊನೆಯ ಫೈನಲ್‌ನಲ್ಲಿ ನಮ್ಮ ವಿರುದ್ಧ ಆಡಿದವನು, ಈಗ ಹೊಟ್ಟೆ ಬಂದಿತ್ತು. ತಮ್ಮೂರಲ್ಲಿ ಹಳೆಯ ಪಂದ್ಯಗಳದೊಂದು ಸಣ್ಣ ಮ್ಯೂಸಿಯಂ ಮಾಡಿದ್ದಾರಂತೆ, ಕಪ್ಪನ್ನು ಅಲ್ಲಿಡಲು ಕೊಡುತ್ತೀರಾ ಎಂದು ಸಂತೆಯಲ್ಲಿ ಕಲಿತ ನಮ್ಮ ಭಾಷೆಯಲ್ಲಿ ಕೇಳಿದ.

ಕಾಂಚೊ ಬೂಟಿಗೆ ಅಟ್ಟೆ ಹೊಡೆಯುತ್ತಿದ್ದ, ಬಾಯಿ ತುಂಬ ಮೊಳೆ. ಸುಮ್ಮನೆ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಎಂದರೆ, ಆಗುವುದಿಲ್ಲ. ಎಲ್ಲರಿಗೂ ಗೊತ್ತಿರುವುದೇ: ಇಲ್ಲ ಎನ್ನಲು ಮೇಲೆ ಕೆಳಗೆ, ಹೌದು ಎನ್ನಲು ಅತ್ತಿತ್ತ. ಆಚೆ ದಂಡೆಯವರೇ ಅದೇಕೋ ತಿರುಗಾಮುರುಗ.

ಮಿರ್ಚಾ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, ಕಪ್ಪನ್ನು ಚೀಲಕ್ಕೆ ಹಾಕಿಯೇಬಿಟ್ಟ. ಕಾಂಚೊ ಮೊಳೆಗಳನ್ನೆಲ್ಲ ಉಗುಳಿ ಚೀಲದ ಕಿವಿ ಹಿಡಿದುಕೊಂಡ.

"ಇಲ್ಲ ಅಂದ್ನಲ್ಲಯ್ಯಾ!"

"ಎಲ್ಲಂದೆ, ಕಾಂಚೊ ಅಣ್ಣಾ? ಹೂಂ ಅಂತ ತಲೆ ಆಡ್ಸಿದ್ಯಲ್ಲ."

"ಅದು ನಮ್ಮಲ್ಲಿ ಇಲ್ಲ ಅಂತ ಕಣಯ್ಯಾ. ಅಡ್ಡಡ್ಡ ಆಡ್ಸಿದ್ರೆ ಹೌದು."

ಮಿರ್ಚಾ ಚೀಲ ಬಿಟ್ಟು ಮಣೆಯ ಮೇಲೆ ಕುಳಿತ. ತನ್ನ ತಲೆಯನ್ನು ಒಮ್ಮೆ ಮೇಲೆ ಕೆಳಗೆ, ಒಮ್ಮೆ ಅಡ್ಡಡ್ಡ ಆಡಿಸಿ ನೋಡಿದ.

"ಹಾಗಾದ್ರೆ ಅವತ್ತು ನಿಮ್ಮ ರಾದ್ಕೊ..." ಎಂದ.

ಆ ಫೈನಲ್‌ನ ಕೊನೆಯ ನಿಮಿಷದಲ್ಲಿ ಮಿರ್ಚಾ ಗೋಲಿಗೆ ಒದ್ದ ಚೆಂಡು ನಮ್ಮ ಡಿಫೆಂಡರ್ ರಾದ್ಕೊನ ಕೈಗೆ ಬಡಿದಿತ್ತು. ಸರ್ಬಿಯದ ರೆಫರಿ ಓಡಿ ಬಂದು ಕೈ ತಾಗಿತೇ ಎಂದು ಕೇಳಿದ, ಹೌದೆಂದರೆ ಅವರಿಗೆ ಪೆನಾಲ್ಟಿ. ರಾದ್ಕೊನ ಬಾಯಲ್ಲಿ ಹಲ್ಲುನೋವಿಗೆಂದು ರಾಕಿಯಾ ಸಾರಾಯಿಯಲ್ಲಿ ಅದ್ದಿದ ಹತ್ತಿ. ಸುಳ್ಳು ಹೇಳುವ ಹುಡುಗನಲ್ಲ, ಅತ್ತಿತ್ತ ತಲೆಯಾಡಿಸಿದ. ಸರ್ಬರಿಗೂ ಅದು ಇಲ್ಲ ಎಂದೇ ಅರ್ಥ, ರೆಫರಿ ಅವನ ಬೆನ್ನು ತಟ್ಟಿ ಆಟ ಮುಂದುವರಿಸಿದ. ಕಪ್ ನಮ್ಮದಾಯಿತು. ಗೋಲಿನ ಹಿಂದೆ ಬೂಟಿನ ಪೆಟ್ಟಿಗೆ ಹಿಡಿದು ನಿಂತಿದ್ದ ಕಾಂಚೊ ಎಲ್ಲವನ್ನೂ ನೋಡಿದ್ದ. ನನಗೊಬ್ಬಳಿಗೇ ಹೇಳಿದ್ದ.

"ಚೆಂಡು ಕೈಗೆ ತಾಗಿತ್ತಾ, ಕಾಂಚೊ ಅಣ್ಣಾ?" ಮಿರ್ಚಾ ಮೆಲ್ಲಗೆ ಕೇಳಿದ.

ಕಾಂಚೊ ನನ್ನ ಮುಖ ನೋಡಿದ. ಕಪ್ಪಿನ ಚೀಲ ನೋಡಿದ. ಆಮೇಲೆ ನಿಧಾನವಾಗಿ, ಅತ್ತಿತ್ತ ತಲೆಯಾಡಿಸಿದ.

ಚೀಲವನ್ನು ದೋಣಿಯವರೆಗೆ ಅವನೇ ಹೊತ್ತ. ಕಪ್ಪಿನೊಳಗೆ ನನ್ನ ಮೆಣಸಿನಕಾಯಿ ಬೀಜ ಉಳಿದಿವೆ ಎಂದು ನಾನು ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಆಮೇಲೆ ಒಂದು ತಿಂಗಳು ಕಾಂಚೊ ಕಪ್ ಇದ್ದ ಖಾಲಿ ಜಾಗವನ್ನೇ ಬಟ್ಟೆಯಿಂದ ಒರೆಸುತ್ತಿದ್ದ, ಪಾಪ.

ಸರಿಯಾಗಿ ವರ್ಷ ತುಂಬಿದ ದಿನ ಮಿರ್ಚಾ ಕಪ್ ಹೊತ್ತು ಬಂದ, ಅದರ ತುಂಬ ಅವನ ಹೆಂಡತಿ ಮಾಡಿದ ಪ್ಲಮ್ ಜಾಮ್. ನಿಯಮ ನಿಯಮವೇ, ಒಂದು ವರ್ಷ ನಿಮಗೆ, ಒಂದು ವರ್ಷ ನಮಗೆ ಎಂದ. ಅಂದಿನಿಂದ ಹಾಗೆಯೇ ನಡೆದಿದೆ. ಈಗ ಇಬ್ಬರೂ ಎದುರು ಬದುರು ಕೂತು ಮಾತಾಡುವಾಗ, ತಲೆ ಅಲ್ಲಾಡದಂತೆ ತಮ್ಮ ತಮ್ಮ ಗದ್ದವನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾರೆ.