ಎದೆಯಲ್ಲಿ ನಿಂತ ತುತ್ತು

ದೃಷ್ಟಿ, ಶಾಪ, ಶಕುನ ಎಂದವರನ್ನು ನಾನು ಎರಡನೇ ಮಾತಾಡಲು ಬಿಟ್ಟವಳಲ್ಲ. ಹೊಸಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದದ್ದನ್ನು ಆದಂತೆ ಹೇಳುತ್ತೇನೆ, ನೀವೇ ನೋಡಿ.

ಗಣಿ ಜೋರಾಗಿದ್ದ ವರ್ಷಗಳವು. ಸಂಡೂರಿನಲ್ಲಿದ್ದ ನನ್ನ ತಮ್ಮ ಅದಿರು ಸಾಗಿಸಲು ಎರಡು ಟಿಪ್ಪರ್ ಇಟ್ಟಿದ್ದ. ಬ್ಯಾಟರಿಗೆ ಹಾಕುವ ಆ್ಯಸಿಡ್ಡನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದು ಮಂಚದ ಕೆಳಗೆ ಇಟ್ಟಿದ್ದ, ಮಹಾಜಾಣ. ಅವನ ನಾಲ್ಕು ವರ್ಷದ ಮಗಳು ಲೀಲಾ ಆಟವಾಡಿ ಬಂದವಳು ನೀರೆಂದು ಕುಡಿದಳು. ಜೀವ ಉಳಿಯಿತು. ಆದರೆ ಅನ್ನನಾಳ ಸುಟ್ಟು, ಗಾಯ ಮಾಯುತ್ತ ಮಾಯುತ್ತ ನಾಳವೇ ಕಿರಿದಾಯಿತು. ಹುಬ್ಬಳ್ಳಿಯ ಡಾಕ್ಟರು ಏಳೆಂಟು ಸಲ ಹಿಗ್ಗಿಸಿದರು, ಪ್ರತಿ ಸಲವೂ ಮತ್ತೆ ಮುಚ್ಚಿಕೊಂಡಿತು. ಕೊನೆಗೆ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ಒಳಗೆ ಕೂರಿಸಿ, ಆರು ವಾರ ಇರಲಿ, ಜಾರಿದರೆ ಕೂಡಲೇ ಕರೆತನ್ನಿ ಎಂದರು.

ಅಂದು ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರು ತಮ್ಮನಿಗೆ ಅಂದೆ: “ನಿನ್ನ ಗಂಟ್ಲಾಗ ತುತ್ತು ಇಳೀಬಾರದು ನೋಡಲೇ, ಆವಾಗ ಗೊತ್ತಾಕೈತಿ.”

“ಇನ್ನ ನನ್ನ ಮನಿಗೆ ಬರಬ್ಯಾಡಕ್ಕ. ಫೋನೂ ಮಾಡಬ್ಯಾಡ,” ಅಂದ.

ಮಾಡಿದರೆ ಕೇಳು ಎಂದು ಬಸ್ಸು ಹತ್ತಿದೆ.

ಮೂರನೆಯ ವಾರ, ಭಾನುವಾರ ಮಧ್ಯಾಹ್ನ, ಒಬ್ಬಳೇ ಊಟಕ್ಕೆ ಕೂತಿದ್ದೆ. ಎರಡನೆಯ ತುತ್ತು ರೊಟ್ಟಿ ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದರೆ ಮೂಗಿನಿಂದ ಹೊರಬಂತು. ಉಗುಳೂ ಇಳಿಯದೆ ಬಟ್ಟಲು ಹಿಡಿದು ಕೂತೆ. ಆಗ ಮನಸ್ಸಿಗೆ ಬಂದದ್ದು ಲೀಲಾ ಒಬ್ಬಳೇ. ಫೋನು ಕೈಗೆಟುಕುವಷ್ಟು ಹತ್ತಿರವಿತ್ತು. ಮೂಢನಂಬಿಕೆ ಎಂದುಕೊಂಡು ಸುಮ್ಮನಾದೆ ಎನ್ನಬಹುದಿತ್ತು, ಆದರೆ ಅದು ಸುಳ್ಳು. ಅವನೇ ಮೊದಲು ಮಾಡಲಿ ಎಂದು ಹಟ ಹಿಡಿದು ಕೂತಿದ್ದೆ.

ರಾತ್ರಿ ಒಂಬತ್ತಕ್ಕೆ ಐದು ನಿಮಿಷವಿರುವಾಗ ಗಂಟಲು ತಾನಾಗಿ ಬಿಟ್ಟಿತು. ಎರಡು ಲೋಟ ನೀರು ಕುಡಿದೆ.

ಮರುದಿನ ತಮ್ಮನ ಹೆಂಡತಿ ಹುಬ್ಬಳ್ಳಿಯಿಂದ ಫೋನ್ ಮಾಡಿದಳು. ಹಿಂದಿನ ಮಧ್ಯಾಹ್ನ ಊಟದ ಹೊತ್ತಿನಿಂದ ಲೀಲಾ ಏನೂ ನುಂಗದೆ ಜೊಲ್ಲು ಸುರಿಸುತ್ತಿದ್ದಳಂತೆ. “ಹಟ ಮಾಡಾಕತ್ಯಾಳ ಅಂತ ಸುಮ್ನಿದ್ವಿರಿ ಅಕ್ಕಾರ. ಯಾರಾರ ಒಂದ್ ಮಾತು ಕೇಳಿದ್ರ ನೋಡ್ತಿದ್ವಿ,” ಎಂದು ಅತ್ತಳು. ಸ್ಟೆಂಟ್ ಜಾರಿ ಹೊಟ್ಟೆಗೆ ಇಳಿದಿತ್ತು. ಇವರು ಸಂಡೂರು ಬಿಟ್ಟದ್ದೇ ನಾಲ್ಕು ಗಂಟೆಗೆ. ಅದನ್ನು ತೆಗೆದು ಬೇರೆ ಹಾಕಿದಾಗ ಒಂಬತ್ತಾಗುತ್ತ ಬಂದಿತ್ತಂತೆ. ಅಷ್ಟರಲ್ಲಿ ಉಗುಳು ಶ್ವಾಸಕೋಶಕ್ಕೆ ಹೋಗಿ, ಮಗು ಹದಿನೈದು ದಿನ ಐಸಿಯುವಿನಲ್ಲಿ ಮಲಗಿತು.

ನನ್ನ ಗಂಟಲಿಗೂ ಕ್ಯಾಮೆರಾ ಇಳಿಸಿ ತೋರಿಸಿದೆ. ಏನೂ ಇಲ್ಲ ಎಂದರು. ಒಪ್ಪಿದೆ. ಆದರೆ ಶಾಪ ಹಾಕಿದ್ದು ತಮ್ಮನಿಗೆ, ಗಂಟಲು ಕಟ್ಟಿದ್ದು ನನಗೆ. ಇದು ಯಾಕೆ ಹೀಗಾಯಿತೆಂದು ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಲೀಲಾ ಈಗ ರೊಟ್ಟಿ ಮುರಿದು ಉಣ್ಣುತ್ತಾಳೆ. ಆ ಬಾಟಲಿಗಾಗಿ ತಮ್ಮನನ್ನು ನಾನಿನ್ನೂ ಕ್ಷಮಿಸಿಲ್ಲ. ಆ ಮಧ್ಯಾಹ್ನವೇ ನನಗೆ ಗೊತ್ತಾಗಿತ್ತು ಎಂಬುದನ್ನು ಮಾತ್ರ ಅವನಿಗೆ ಇಂದಿಗೂ ಹೇಳಿಲ್ಲ.