ಕಚ್ಚಿ ಕುಡಿದ ಲೋಟ

ಮದುವೆಯಾಗಿ ಬಂದ ಮೊದಲ ವಾರವೇ ಮಾವನ ಕೈಲಿ ಬೈಸಿಕೊಂಡೆ, ಲೋಟ ಕಚ್ಚಿ ಕಾಫಿ ಕುಡಿದದ್ದಕ್ಕೆ. ಆ ಮನೆಯಲ್ಲಿ ಯಾರೂ ಲೋಟಕ್ಕೆ ತುಟಿ ತಾಗಿಸುವಂತಿರಲಿಲ್ಲ, ಎಂಜಲು. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಮೇಲಿನಿಂದ ಸುರಿದುಕೊಳ್ಳಬೇಕು. ಯಲ್ಲದಕೆರೆಯ ನನ್ನ ತವರಿನಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲ. "ಎತ್ತಿ ಕುಡಿ" ಎಂದರು ಮಾವ, ಅಷ್ಟೇ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬೇಕೆಂದೇ ಎತ್ತಿ ಕುಡಿದು ಸೀರೆಯ ಮೇಲೆಲ್ಲ ಚೆಲ್ಲಿಕೊಂಡೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ದುರ್ಗದ ಆಸ್ಪತ್ರೆಯಿಂದ ಮದಕರಿಪುರದ ಮನೆಗೆ ಕಳಿಸುವಾಗ ಡಾಕ್ಟರು ನನ್ನ ಕಡೆ ತಿರುಗಿ, ಗಂಟಲೂ ಅರ್ಧ ಬಿದ್ದುಹೋಗಿದೆ, ತಿಂದದ್ದು ಕುಡಿದದ್ದು ಶ್ವಾಸಕೋಶಕ್ಕೆ ಇಳಿದರೆ ಉಳಿಯುವುದು ಕಷ್ಟ ಎಂದರು. ಹಾಗಾದರೆ ಹೇಗೆ ಕುಡಿಸಲಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಗಂಡ ಕುರಿಮಂದೆ ಹೊಡೆದುಕೊಂಡು ಮೇವಿಗೆ ಹೊರಟರೆ ಹದಿನೈದು ದಿನ ಮನೆ ಕಡೆ ಬರುತ್ತಿರಲಿಲ್ಲ. ಅತ್ತೆ ಎಂದೋ ತೀರಿಕೊಂಡಿದ್ದರು. ಆ ಗಂಟಲು ನನ್ನೊಬ್ಬಳ ಪಾಲಿಗೆ ಬಂತು.

ಕಾಯಿಲೆಯವರಿಗೆ ತೆಳ್ಳಗಿರುವುದೇ ಸಲೀಸು ಎಂದು ನಾನು ಎಲ್ಲವನ್ನೂ ತೆಳ್ಳಗೆ ಮಾಡಿದೆ. ನೀರು ಮಜ್ಜಿಗೆ, ನೀರು ಗಂಜಿ. ಗುಟುಕಿಗೊಂದು ಕೆಮ್ಮು. ಪಕ್ಕದ ಮನೆಯಾಕೆ ಬಂದು ಅವರ ನೆತ್ತಿ ತಟ್ಟಿ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನಗುತ್ತಿದ್ದಳು. ಹಾಗೆ ನೋಡಿದರೆ ಇಡೀ ತಾಲ್ಲೂಕೇ ಅವರನ್ನು ಹಗಲಿಡೀ ನೆನೆಸಿಕೊಳ್ಳಬೇಕಿತ್ತು. ನನಗೆ ನಗು ಬರುತ್ತಿರಲಿಲ್ಲ. ಬಾವಿಯ ಹತ್ತಿರ ಇದ್ದಾಗ ಕೆಮ್ಮು ಕೇಳಿಸಿದರೆ ಹಗ್ಗ ಕೈಬಿಟ್ಟು ಓಡುತ್ತಿದ್ದೆ.

ಒಂದು ಬೆಳಿಗ್ಗೆ ತಳದಲ್ಲಿ ಉಳಿದ ರಾಗಿ ಅಂಬಲಿಯನ್ನು, ನೀರು ಬೆರೆಸುವ ವ್ಯವಧಾನವೂ ಇಲ್ಲದೆ, ಗಟ್ಟಿಯಾಗಿದ್ದಂತೆಯೇ ಚಮಚದಲ್ಲಿ ಕೊಟ್ಟೆ. ಕೆಮ್ಮಲಿಲ್ಲ. ಇನ್ನೊಂದು ಚಮಚ ಕೊಟ್ಟೆ. ಅದೂ ಇಳಿಯಿತು. ಅಂದಿನಿಂದ ನೀರನ್ನು ಅವರ ಹತ್ತಿರ ಸುಳಿಯಗೊಡಲಿಲ್ಲ. ಸೌಟಿನಿಂದ ಜಾರಿಸಿದರೆ ಅಂಬಲಿ ಹನಿಯಾಗಿ ಬೀಳಬಾರದು, ಗಡ್ಡೆಯಾಗಿಯೂ ಬೀಳಬಾರದು, ಜೇನಿನಂತೆ ಎಳೆಯಾಗಿ ಇಳಿಯಬೇಕು. ಮಜ್ಜಿಗೆಗೂ ಕಾಫಿಗೂ ಗಂಜಿ ಬೆರೆಸಿದೆ. ಆ ಕಾಫಿ ಕುಡಿದು ಅವರು ನನ್ನನ್ನು ನೋಡಿದ ನೋಟ ಬೈಗುಳಕ್ಕಿಂತ ಕಡಿಮೆಯೇನಿರಲಿಲ್ಲ. ತೆಂಗಿನಕಾಯಿ ಗಾತ್ರದ ಮುದ್ದೆಯನ್ನು ಅಗಿಯದೆ ನುಂಗುತ್ತಿದ್ದ ಮನುಷ್ಯನಿಗೆ, ಅದೇ ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ಉಣಿಸುತ್ತಿದ್ದೆ. ಕಣ್ಣು ಮಾತ್ರ ಅವರ ಗಂಟಲ ಗಂಟಿನ ಮೇಲೆ. ಅದು ಮೇಲೇರಿ ಇಳಿಯುವ ತನಕ ನಾನೂ ಉಸಿರು ಬಿಡುತ್ತಿರಲಿಲ್ಲ.

ಚಮಚದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ, ಲೋಟ ಬೇಕೇ ಬೇಕು. ಅಲ್ಲಿ ಅವರದು ಹಳೇ ಹಟ. ಬಾಯಿ ಹತ್ತಿರ ತಂದರೆ ಎಡಗೈಯಲ್ಲಿ ಲೋಟ ತಳ್ಳಿ, ತಲೆ ಹಿಂದಕ್ಕೆ ಚೆಲ್ಲಿ ಸೂರು ನೋಡುತ್ತಾ ಬಾಯಿ ತೆರೆಯುತ್ತಿದ್ದರು. ಅಂಬಲಿ ಎಷ್ಟು ಗಟ್ಟಿಯಾಗಿದ್ದರೂ ಆಗ ಕೆಮ್ಮು ಬರುತ್ತಿತ್ತು. ಆದರೂ ನಾನು ಹಾಗೆಯೇ ಸುರಿಯುತ್ತಿದ್ದೆ. ಕಚ್ಚಿ ಕುಡಿಯಿರಿ ಎಂದು ಮಾವನಿಗೆ ಹೇಳುವ ಸೊಸೆ ಎಲ್ಲಿದ್ದಾಳೆ?

ಅಷ್ಟರಲ್ಲಿ ಅವರ ತಂಗಿ ಹೊಸದುರ್ಗದಿಂದ ನೋಡಲು ಬಂದರು. ಅಣ್ಣ ಸನ್ನೆ ಮಾಡಿ ನೀರು ಕೇಳುವುದನ್ನೂ, ನಾನು ಅಂಬಲಿ ಹಿಡಿಯುವುದನ್ನೂ ಎರಡು ದಿನ ನೋಡಿದರು. ಮೂರನೆಯ ದಿನ ಹಟ್ಟಿಗೆಲ್ಲ ಕೇಳುವಂತೆ, "ಬಾಯಾರಿದ ಮನುಷ್ಯಂಗೆ ಒಂದು ಗುಟುಕು ನೀರು ಕೊಡಾಕೆ ಆಗಲ್ವೇನೇ ನಿಂಗೆ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಕೊಡ ಎತ್ತಿಕೊಂಡು ಬಾವಿಗೆ ಹೋದೆ. ಆ ಸಿಟ್ಟಿನಲ್ಲಿ ನೀರು ಕೊಡಬೇಡಿ ಎಂದು ಹೇಳಿ ಹೋಗಲಿಲ್ಲವಲ್ಲ, ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಹಿಂತಿರುಗಿದಾಗ ತಂಗಿ, ಮನಸ್ಸು ಕರಗಿ ಅಣ್ಣನಿಗೆ ನೀರು ಕುಡಿಸಿ, ಚೊಂಬು ಹಿಡಿದು ನಿಂತಿದ್ದರು. ಮಾವನ ತುಟಿ ನೀಲಿಯಾಗಿತ್ತು, ಕೆಮ್ಮುವ ಶಕ್ತಿಯೂ ಉಳಿದಿರಲಿಲ್ಲ. ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದೆ. ಮಾವ ಎನ್ನುವುದನ್ನೂ ಮರೆತು ಗುದ್ದಿದೆ. ನೀರು ಹೊರಗೆ ಬಂತು, ಆದರೆ ಸಂಜೆಗೇ ಜ್ವರ ಏರಿತು. ದುರ್ಗದಿಂದ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಹಾಕಿಸಿದೆವು. ಎದೆಯ ಗೊರಗೊರ ಶಬ್ದ ಹೊಸಿಲಿನಾಚೆಗೂ ಕೇಳುತ್ತಿತ್ತು. ತಂಗಿ ಮೂಲೆ ಹಿಡಿದು ಅಳುತ್ತಿದ್ದರು. ನಾನು ಅವರೊಡನೆ ಮಾತು ಬಿಟ್ಟೆ.

ಜ್ವರದ ನಾಲ್ಕನೆಯ ದಿನ, ಮಂದೆಯೊಡನೆ ಹೋಗಲಾರದೆ ಉಳಿದಿದ್ದ ಒಂದು ಕುರಿಮರಿಗೆ ಅಂಗಳದಲ್ಲಿ ಔಷಧಿ ಹಾಕುತ್ತಿದ್ದೆ. ಔಷಧಿ ತುಂಬಿದ ಬಿದಿರಿನ ಗೊಟ್ಟವನ್ನು ಮರಿಯ ಕಟವಾಯಿಗೆ ಇಟ್ಟು, ಮೂತಿಯನ್ನು ಕೆಳಗೇ ಹಿಡಿದಿದ್ದೆ. ಹಾಗೆ ಹಿಡಿಯುವುದನ್ನು ನನಗೆ ಕಲಿಸಿದ್ದು ಯಾರು ಎಂಬುದು ಆಗ ಹೊಳೆಯಿತು. ಹೊಸದರಲ್ಲಿ ನಾನು ಮರಿಯ ಮೂತಿ ಮೇಲೆತ್ತಿ ಸುರಿಯುತ್ತಿದ್ದಾಗ ಮಾವ ಗೊಟ್ಟ ಕಿತ್ತುಕೊಂಡು ಬೈದಿದ್ದರು. ಗೊಟ್ಟ ಅಲ್ಲೇ ಬಿಸಾಕಿ ಒಳಗೆ ಹೋದೆ.

ಲೋಟದಲ್ಲಿ ಗಟ್ಟಿ ಗಂಜಿ ತಂದು ಅವರ ಎದುರಿಗೆ ಕುಳಿತೆ. ಅವರು ಎಂದಿನಂತೆ ತಲೆ ಹಿಂದಕ್ಕೆ ಚೆಲ್ಲಿದರು. ನಾನು ಕೊಡಲಿಲ್ಲ.

"ತಲೆ ಎತ್ತಬ್ಯಾಡ್ರಿ ಮಾವ. ಎದಿಗೆ ಹೋಗ್ತೈತೆ, ಮರಿ ಸಾಯ್ತೈತೆ ಅಂತ ನೀವೇ ಬೈದಿದ್ರಿ."

ಮಾವ ತಲೆ ಇಳಿಸಿ ನನ್ನನ್ನು ನೋಡಿದರು. ಆಮೇಲೆ ಗದ್ದವನ್ನು ನಿಧಾನವಾಗಿ ಎದೆಯ ಕಡೆ ತಂದು, ಕಣ್ಣು ಮುಚ್ಚಿಕೊಂಡು, ಲೋಟಕ್ಕೆ ತುಟಿ ಇಟ್ಟರು. ಗಂಟಲ ಗಂಟು ಏರಿತು, ಇಳಿಯಿತು. ಕೆಮ್ಮಲಿಲ್ಲ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಾಚಿಕೆಗೋ ಏನೋ. ಕುಡಿದು ಮುಗಿಸಿ, ಹೆಗಲ ಟವಲಿನಿಂದ ಲೋಟದ ಅಂಚನ್ನು ಸುತ್ತಲೂ ಒರೆಸಿ ನನಗೆ ಕೊಟ್ಟರು. ಆಮೇಲೆ ಪ್ರತಿ ಸಲವೂ ಹಾಗೆಯೇ ಒರೆಸಿ ಕೊಡುತ್ತಿದ್ದರು.

ಜ್ವರ ಇಳಿಯಿತು, ನನ್ನ ಹೆದರಿಕೆ ಇಳಿಯಲಿಲ್ಲ. ಮಳೆಗಾಲ ಕಳೆದ ಮೇಲೂ ಅವರು ಲೋಟ ಎತ್ತಿದರೆ ನನ್ನ ಕಣ್ಣು ಗಂಟಲಿಗೇ ಹೋಗುತ್ತಿತ್ತು. ಹಾಗೆ ಒಂದು ದಿನ ಎದುರಿಗೆ ಕುಳಿತು ಅವರ ಗುಟುಕುಗಳನ್ನು ಕಾಯುತ್ತಾ, ಮೈಮೇಲೆ ಗಮನವಿಲ್ಲದೆ, ನನ್ನ ಕಾಫಿಯನ್ನು ಕಚ್ಚಿ ಕುಡಿಯುತ್ತಿದ್ದೆ. ಮಾವ ಲೋಟ ಕೆಳಗಿಟ್ಟರು. ಎಷ್ಟೋ ತಿಂಗಳಿನಿಂದ ಬರೀ ಗೊಗ್ಗರು ಸದ್ದು ಬರುತ್ತಿದ್ದ ಆ ಬಾಯಿ ವಾರೆಯಾಗಿ ತೆರೆಯಿತು.

"ಎತ್ತಿ... ಕುಡಿ."

ನಾನು ತಲೆ ಹಿಂದಕ್ಕೆ ಚೆಲ್ಲಿ ಸುರಿದುಕೊಂಡೆ. ನಗುವೂ ಅಳುವೂ ಒಟ್ಟಿಗೇ ಬಂದು ಕಾಫಿ ನೆತ್ತಿಗೇರಿತು. ಕೆಮ್ಮು ನಿಲ್ಲಲೇ ಇಲ್ಲ. ಮಾವನ ಎಡಗೈ ಮೆಲ್ಲಗೆ ಮುಂದೆ ಬಂದು ನನ್ನ ನೆತ್ತಿಯನ್ನು ಎರಡು ಸಲ ತಟ್ಟಿತು.